ಬಿಳಿ ಟೋಪಿಯ ಪುಟ್ಟ ಹಕ್ಕಿ ನಮ್ಮ ಕಡೆಯೂ ಇದೆಯಾ?

ಪ್ರಶ್ನೆ: ಮಗಳು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಮಾಗಿದ ಮುರುಗಲು ಹಣ್ಣಿನ ಬಣ್ಣದ ಪುಟ್ಟ ಹಕ್ಕಿ, ನೆತ್ತಿ ಮಾತ್ರ ಅಚ್ಚ ಬಿಳಿ. ಕೋಸ್ಟರಿಕಾದ ಹಮ್ಮಿಂಗ್‌ಬರ್ಡ್ ಅಂತ ಬರೆದಿತ್ತು. ಇಂಥ ಹಕ್ಕಿ ನಿಜಕ್ಕೂ ಇದೆಯಾ, ಬಣ್ಣ ಸುಮ್ನೆ ಹಾಕಿದ್ದಾ? ನಮ್ಮ ತೋಟದ ದಾಸವಾಳಕ್ಕೆ ಬರುವ ಚಿಕ್ಕ ಹಕ್ಕಿಯೂ ಅದೇ ಜಾತಿಯಾ?
– ಶಿರಸಿಯ ಓದುಗರು

ಉತ್ತರ: ಇದೆ, ಬಣ್ಣವೂ ನಿಜವೇ. ನೀವು ನೋಡಿದ್ದು ಸ್ನೋಕ್ಯಾಪ್ ಹಕ್ಕಿಯ ಗಂಡು. ಕೊಕ್ಕಿನಿಂದ ಬಾಲದ ತುದಿಗೆ ಆರು, ಆರೂವರೆ ಸೆಂಟಿಮೀಟರ್. ತೂಕ ಎರಡೂವರೆ ಗ್ರಾಂ ಆಸುಪಾಸು. ಅಂದರೆ ಅರ್ಧ ಚಮಚ ಸಕ್ಕರೆ ಅಂಗೈಯಲ್ಲಿ ಹಾಕಿಕೊಂಡಷ್ಟು!

ಆ ಮುರುಗಲು ಬಣ್ಣ ಮಾತ್ರ ಎಲ್ಲ ಹೊತ್ತಲ್ಲೂ ಕಾಣುವುದಿಲ್ಲ. ಗರಿಯ ಸೂಕ್ಷ್ಮ ಪದರಗಳ ಮೇಲೆ ಬೆಳಕು ಬಿದ್ದು ಮರಳಿದಾಗ ಹುಟ್ಟುವ ಹೊಳಪು ಅದು. ಕೊಂಬೆಯ ನೆರಳಲ್ಲಿ ಕೂತಿದ್ದರೆ ಹಕ್ಕಿ ಬರೀ ಕಪ್ಪು. ಸ್ವಲ್ಪ ಹೊರಳಿ ಬಿಸಿಲು ತಾಗಿತೋ, ಮೈಯೆಲ್ಲ ಕೆಂಪು ನೇರಳೆ. ನೆತ್ತಿಯ ಬಿಳಿಗೆ ಈ ಆಟವಿಲ್ಲ, ಎಷ್ಟೇ ಮಬ್ಬಿದ್ದರೂ ಅದು ಬಿಳಿಯೇ. ಹಾಗಾಗಿ ಕಾಡಿನೊಳಗೆ ಮೊದಲು ಕಣ್ಣಿಗೆ ಬೀಳುವುದು ಹಕ್ಕಿಯಲ್ಲ, ಅತ್ತಿತ್ತ ಓಡಾಡುವ ಒಂದು ಬಿಳಿ ಚುಕ್ಕೆ.

ಹೆಣ್ಣನ್ನು ನೋಡಿದರೆ ಬೇರೆ ಜಾತಿಯೇ ಅನ್ನಬೇಕು. ಬೆನ್ನು ಹಸಿರು, ಹೊಟ್ಟೆ ಬೆಳ್ಳಗೆ, ಟೋಪಿ ಇಲ್ಲ. ಎಳೆಯ ಗಂಡು ಬಣ್ಣ ಬದಲಿಸುವಾಗ ಅಲ್ಲಲ್ಲಿ ತೇಪೆ ಹಾಕಿದಂತೆ ಕಾಣುತ್ತದೆ.

ಇನ್ನು ಮನೆ ಎಲ್ಲಿ ಅಂದರೆ, ಮಧ್ಯ ಅಮೆರಿಕದಲ್ಲಿ ಹೊಂಡುರಾಸ್‌ನಿಂದ ಪನಾಮಾದವರೆಗೆ, ಕೆರಿಬಿಯನ್ ಸಮುದ್ರಕ್ಕೆ ಮುಖ ಮಾಡಿದ ಬೆಟ್ಟದ ತಪ್ಪಲು. ಸಮುದ್ರದ ಗಾಳಿ ತಂದ ಮಳೆಯೆಲ್ಲ ಆ ಇಳಿಜಾರಿನಲ್ಲೇ ಸುರಿಯುತ್ತದೆ. ಘಟ್ಟದ ಪಡುವಣ ಮಗ್ಗುಲು ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಕೋಸ್ಟರಿಕಾದಲ್ಲಿ ಇದು ಮರಿ ಮಾಡುವುದು ಹೆಚ್ಚಾಗಿ 300ರಿಂದ 800 ಮೀಟರ್ ಎತ್ತರದ ಕಾಡಿನಲ್ಲಿ. ಆಮೇಲೆ ಎಷ್ಟೋ ಹಕ್ಕಿಗಳು ಕೆಳಗಿನ ಬಯಲು ಕಾಡಿಗೆ ಇಳಿಯುತ್ತವೆ. ಅದಕ್ಕೇ ನನಗೆ ಈ ಇಳಿಜಾರಿನ ಕಾಡಿನ ಬಗ್ಗೆ ಕಾಳಜಿ ಜಾಸ್ತಿ. ಮೇಲಿನದ್ದನ್ನು ಉಳಿಸಿ ಕೆಳಗಿನದ್ದನ್ನು ಕಡಿದರೆ ಈ ಹಕ್ಕಿಯ ಅರ್ಧ ವರ್ಷವನ್ನೇ ಕಿತ್ತುಕೊಂಡ ಹಾಗೆ.

ದಟ್ಟ ಕಾಡಿನ ಮರದ ತುದಿ, ಕಾಡಂಚು, ಮರ ಬಿದ್ದು ಬೆಳಕು ಇಳಿದ ಜಾಗ ಇದಕ್ಕೆ ಇಷ್ಟ. ದೊಡ್ಡ ಹಮ್ಮಿಂಗ್‌ಬರ್ಡ್‌ಗಳು ಒಳ್ಳೆಯ ಹೂಗಳಿಂದ ಓಡಿಸಿಬಿಡುತ್ತವೆ. ಇದು ಸಣ್ಣ ಸಣ್ಣ ಹೂಗಳಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ.

ನಿಮ್ಮ ದಾಸವಾಳಕ್ಕೆ ಬರುವುದು ಸೂರಕ್ಕಿ ಇರಬೇಕು. ಹಮ್ಮಿಂಗ್‌ಬರ್ಡ್‌ಗಳು ಇವತ್ತು ಕಾಡಿನಲ್ಲಿ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಎರಡೂ ಮಕರಂದ ಕುಡಿಯುತ್ತವೆ, ಎರಡೂ ಮಿಂಚುತ್ತವೆ, ಆದರೆ ನೆಂಟಸ್ತಿಕೆ ಇಲ್ಲ. ಸೂರಕ್ಕಿ ಹೆಚ್ಚಾಗಿ ಕಡ್ಡಿ ಹಿಡಿದು ಕೂತೇ ಕುಡಿಯುತ್ತದೆ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಹೀರಿ, ಹಿಮ್ಮುಖವಾಗಿ ಹಾರಿ ಹೊರಬರುತ್ತದೆ.

ಒಂದು ನಂಟು ಮಾತ್ರ ಇದೆ. ನಿಮ್ಮ ಕಡೆ ರಸ್ತೆ ಬದಿಯಲ್ಲಿ ಉತ್ತರಾಣಿಯಂಥ ಉದ್ದ ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ನೀಲಿ ಹೂ ಬಿಡುವ ಗಿಡ ನೋಡಿರುತ್ತೀರಿ. ಅದು ಅಮೆರಿಕದಿಂದಲೇ ಬಂದದ್ದು. ಕೋಸ್ಟರಿಕಾದಲ್ಲಿ ಸ್ನೋಕ್ಯಾಪ್ ನೋಡಬೇಕೆನ್ನುವವರು ಕಾಯುತ್ತ ಕೂರುವುದು ಇದೇ ಬಗೆಯ ಗಿಡಗಳ ಬೇಲಿಯ ಮುಂದೆ.