ಎನ್‌ವಿಡಿಎ ಇಂಗ್ಲಿಷ್ ಓದತ್ತೆ, ಕನ್ನಡ ಬಂದ್ರೆ ಸುಮ್ಮನಾಗತ್ತೆ: ಪ್ರತಿಕ್ರಿಯೆ

ಕನ್ನಡ ನ್ಯೂಸ್ ಪೇಜಲ್ಲಿ ಎನ್‌ವಿಡಿಎ (ಪರದೆ ಮೇಲಿರೋದನ್ನ ಗಟ್ಟಿಯಾಗಿ ಓದಿ ಹೇಳೋ ಸಾಫ್ಟ್‌ವೇರ್) ಇಂಗ್ಲಿಷ್ ಪದ, ನಂಬರ್ ಮಾತ್ರ ಓದಿ ಮಿಕ್ಕಿದ್ದೆಲ್ಲ ಹಾರಿಸ್ತಿದೆ ಅಂದ್ರೆ ಹೆಚ್ಚಾಗಿ ತೊಂದರೆ ಸೈಟಲ್ಲಿರಲ್ಲ, ನಿಮ್ಮ ಎನ್‌ವಿಡಿಎ ವಿಂಡೋಸ್ ಜೊತೆ ಬರೋ ಒನ್‌ಕೋರ್ ಅನ್ನೋ ಧ್ವನಿ ಎಂಜಿನ್ನಿನ ಇಂಗ್ಲಿಷ್ ವಾಯ್ಸಲ್ಲಿರತ್ತೆ, ಅದಕ್ಕೆ ಕನ್ನಡ ಅಕ್ಷರ ಉಚ್ಚರಿಸೋಕೇ ಬರಲ್ಲ.

ಮೊದಲು ಎನ್‌ವಿಡಿಎ ಕೀ (ಇನ್ಸರ್ಟ್ ಅಥವಾ ಕ್ಯಾಪ್ಸ್ ಲಾಕ್, ನೀವು ಇಟ್ಕೊಂಡಿರೋದು) ಜೊತೆ ಕಂಟ್ರೋಲ್, ಎಸ್ ಒತ್ತಿ, ಧ್ವನಿ ಎಂಜಿನ್‌ಗಳ ಲಿಸ್ಟಲ್ಲಿ ಇ-ಸ್ಪೀಕ್ ಎನ್‌ಜಿ ಆರಿಸಿ ಎಂಟರ್ ಕೊಡಿ. ಅದು ಎನ್‌ವಿಡಿಎ ಜೊತೆಗೇ ಬರತ್ತೆ, ಬೇರೆ ಏನೂ ಇನ್‌ಸ್ಟಾಲ್ ಮಾಡೋದು ಬೇಡ. ಆಮೇಲೆ ಎನ್‌ವಿಡಿಎ, ಕಂಟ್ರೋಲ್, ವಿ ಒತ್ತಿದ್ರೆ ಸ್ಪೀಚ್ ಸೆಟ್ಟಿಂಗ್ಸ್, ಅಲ್ಲಿ ವಾಯ್ಸ್ ಅನ್ನೋ ಜಾಗದಲ್ಲಿ ಕನ್ನಡ ಹಾಕಿ, ಓಕೆ. ಆಟೋಮ್ಯಾಟಿಕ್ ಲ್ಯಾಂಗ್ವೇಜ್ ಸ್ವಿಚಿಂಗ್ ಒಂದನ್ನೇ ನಂಬ್ಕೋಬೇಡಿ, ಪೇಜಿನ ಕೋಡಲ್ಲಿ ಭಾಷೆ ಕನ್ನಡ ಅಂತ ನಮೂದಿಸಿದ್ರೆ ಮಾತ್ರ ಅದು ಕೆಲಸ ಮಾಡತ್ತೆ, ಎಷ್ಟೋ ಸೈಟಿನವರು ಅದನ್ನ ಹಾಕೋದೇ ಇಲ್ಲ. ಧ್ವನಿ ಡಬ್ಬದೊಳಗಿಂದ ಮಾತಾಡಿದ ಹಾಗೆ ಕೇಳ್ಸತ್ತೆ, ರೇಟ್ ಇಳಿಸ್ಕೊಂಡ್ರೆ ಕಿವಿಗೆ ಒಗ್ಗತ್ತೆ.

ಇಷ್ಟಾದ್ಮೇಲೂ ಅರ್ಥ ಇಲ್ಲದ್ದು ಒದರಿದ್ರೆ, ಪೇಜ್ ನೋಡದೆ ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ಅದು ಯೂನಿಕೋಡ್ (ಎಲ್ಲಾ ಕಡೆ ನಡೆಯೋ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಅಥವಾ ಬರಹ ಫಾಂಟ್ ಇರಬಹುದು, ಹಳೇ ಪಿಡಿಎಫ್‌ಗಳಲ್ಲಂತೂ ಇದೇ ಗೋಳು. ಬಲಗಡೆ ಆರೋ ಒತ್ತಿ ಒಂದೊಂದೇ ಅಕ್ಷರ ಕೇಳಿ, ಕನ್ನಡ ಅಕ್ಷರದ ಬದಲು ಇಂಗ್ಲಿಷ್ ಅಕ್ಷರ, ವಿಚಿತ್ರ ಚಿಹ್ನೆ ಬಂದ್ರೆ ಅದೇ ಅಂತ ತಿಳ್ಕೊಳಿ. ಆಗ ಪಠ್ಯ ಕಾಪಿ ಮಾಡಿ ಆಸ್ಕಿಯಿಂದ (ಆ ಹಳೇ ಫಾಂಟ್‌ಗಳ ಸಂಕೇತದಿಂದ) ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್‌ಗೆ ಹಾಕಿ, ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡಿ ಓದಿಸ್ಕೊಳಿ.