ಸೆಕೊಟೊ ಊರು ಬಿಡಬಾರದಿತ್ತೇ?

"ಕಳೆದ ಸಂಚಿಕೆಯಲ್ಲಿ ಕಪ್ಪು ಚಿತ್ರಕಾರ ಜೆರಾರ್ಡ್ ಸೆಕೊಟೊ ಕುರಿತ ಲೇಖನ ಓದಿದೆ. ದಕ್ಷಿಣ ಆಫ್ರಿಕಾದಲ್ಲಿದ್ದಾಗ ಬರೆದ ಚಿತ್ರಗಳ ಕಸುವು ಪ್ಯಾರಿಸ್‌ನಲ್ಲಿ ಬರೆದವುಗಳಲ್ಲಿ ಇಲ್ಲ. ತನ್ನ ಜನರ ನಡುವೆಯೇ ಉಳಿದಿದ್ದರೆ ಅವರು ಇನ್ನೂ ದೊಡ್ಡ ಕಲಾವಿದರಾಗುತ್ತಿದ್ದರು. ಯುರೋಪಿನ ಮೋಹ ಅವರನ್ನು ಕೆಡಿಸಿತು."
– ಓದುಗರೊಬ್ಬರು, ಧಾರವಾಡ

ಮಾನ್ಯರೇ,

ಕಸುವಿನ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. 'ಮೋಹ' ಎಂಬ ಮಾತನ್ನು ಒಪ್ಪಲಾರೆ.

ಪ್ರಿಟೋರಿಯಾದ ಈಸ್ಟ್‌ವುಡ್‌ನಲ್ಲಿ, ತಾಯಿಯ ಮನೆಯಲ್ಲಿದ್ದಾಗ, 1946–47ರಲ್ಲಿ ಅವರು ಬರೆದ 'ಪಿಕಾಸಿಯ ಹಾಡು' ಚಿತ್ರವನ್ನೇ ನೋಡಿ. ಸಾಲಾಗಿ ನಿಂತ ಕಪ್ಪು ಕೂಲಿಗಳು ಒಟ್ಟಿಗೆ ಪಿಕಾಸಿ ಎತ್ತಿದ್ದಾರೆ. ಎದುರಿಗೆ ಬಾಯಲ್ಲಿ ಪೈಪ್ ಕಚ್ಚಿಕೊಂಡ ಬಿಳಿಯ ಮೇಸ್ತ್ರಿ. ಅಧಿಕಾರ ಅವನದು, ಆದರೆ ಚಿತ್ರ ಪೂರ್ತಿ ಕೂಲಿಗಳದು. ಆ ಎತ್ತಿದ ತೋಳುಗಳ ಮುಂದೆ ಅವನು ಕಡ್ಡಿಯಂತೆ ಕಾಣುತ್ತಾನೆ. ಇದಕ್ಕೆ ಸಮನಾದದ್ದನ್ನು ಅವರು ಪ್ಯಾರಿಸ್‌ನಲ್ಲಿ ಬರೆಯಲಿಲ್ಲ ಎಂದರೆ ನಾನು ವಾದಿಸುವುದಿಲ್ಲ.

ಆದರೆ ಅವರು ಹೋದದ್ದು ಯಾವಾಗ, ಎಂಥ ನಾಡನ್ನು ಬಿಟ್ಟು? 1940ರಲ್ಲಿಯೇ ಜೊಹಾನ್ಸ್‌ಬರ್ಗ್‌ನ ಕಲಾ ಗ್ಯಾಲರಿ ಅವರ 'ಹಳದಿ ಮನೆಗಳು' ಚಿತ್ರವನ್ನು ಕೊಂಡಿತ್ತು. ಕಪ್ಪು ಕಲಾವಿದರೊಬ್ಬರ ಕೃತಿ ಅಲ್ಲಿಗೆ ಸೇರಿದ್ದು ಅದೇ ಮೊದಲು. ಹೆಸರು ಬಂದಿತ್ತು, ಸಮಾನ ಪ್ರಜೆಯ ಹಕ್ಕು ಬಂದಿರಲಿಲ್ಲ. ಹಿಂದೆ ಅವರ ಜೊತೆಗೆ ಶಿಕ್ಷಕರಾಗಿದ್ದ ಕಲಾವಿದ ಅರ್ನೆಸ್ಟ್ ಮಂಕೋಬಾ 1938ರಲ್ಲಿಯೇ ಪ್ಯಾರಿಸ್ ಸೇರಿದ್ದರು. 1947ರಲ್ಲಿ ಸೆಕೊಟೊ ಹಡಗು ಹತ್ತಿದರು. ಮರುವರ್ಷ ಚುನಾವಣೆಯಲ್ಲಿ ಬಿಳಿಯರ ನ್ಯಾಷನಲ್ ಪಕ್ಷ ಗೆದ್ದು, ವರ್ಣಭೇದವೇ ಸರ್ಕಾರದ ನೀತಿಯಾಯಿತು.

ಪ್ಯಾರಿಸ್‌ನಲ್ಲಿ ಅವರಿಗೆ ಸುಖ ಕಾದಿರಲಿಲ್ಲ. ಭಾಷೆ ಬರುತ್ತಿರಲಿಲ್ಲ. ಹೊಟ್ಟೆಪಾಡಿಗೆ ರಾತ್ರಿ ಬಾರಿನಲ್ಲಿ ಪಿಯಾನೊ ನುಡಿಸಿ ಹಾಡುತ್ತಿದ್ದರು, ಹಗಲು ಕುಂಚ ಹಿಡಿಯುತ್ತಿದ್ದರು. 1949ರಲ್ಲಿ ಮನೋರೋಗ ಆಸ್ಪತ್ರೆಗೂ ಸೇರಬೇಕಾಯಿತು. ಮೋಹಕ್ಕೆ ಬಿದ್ದವನು ಇಷ್ಟನ್ನೆಲ್ಲ ತಾಳಿಕೊಂಡು ನಲವತ್ತೈದು ವರ್ಷ ಬಣ್ಣ ಕಲಸುತ್ತಾನೆಯೇ?

ಇನ್ನು, "ತನ್ನ ಜನರ ನಡುವೆಯೇ ಉಳಿದಿದ್ದರೆ" ಎಂಬ ನಿಮ್ಮ ಮಾತು. ಇದನ್ನು ಓದಿದಾಗ ನನಗೆ ಸಂಕಟವಾಯಿತು. 'ಹಳದಿ ಮನೆಗಳು' ಇದ್ದದ್ದು ಜೊಹಾನ್ಸ್‌ಬರ್ಗ್‌ನ ಸೋಫಿಯಾಟೌನ್ ಬಡಾವಣೆಯಲ್ಲಿ. 1955ರಿಂದ ಅಲ್ಲಿನ ಕಪ್ಪು ಜನರನ್ನು ಲಾರಿಗಳಲ್ಲಿ ತುಂಬಿ ಸಾಗಿಸಿ, ಮನೆಗಳನ್ನು ನೆಲಸಮ ಮಾಡಿ, ಆ ಜಾಗದಲ್ಲಿ ಬಿಳಿಯರ ಬಡಾವಣೆ ಕಟ್ಟಿದರು. ಅದಕ್ಕೆ 'ಟ್ರಿಯೋಂಫ್' ಎಂದು ಹೆಸರಿಟ್ಟರು, ಅಂದರೆ ವಿಜಯ. ಸೆಕೊಟೊ 1942ರಿಂದ ಕೆಲ ವರ್ಷ ಇದ್ದು ಚಿತ್ರಿಸಿದ ಕೇಪ್‌ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯನ್ನು 1966ರಲ್ಲಿ ಬಿಳಿಯರ ಪ್ರದೇಶವೆಂದು ಘೋಷಿಸಿ, ಮುಂದೆ ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಿದರು. ಉಳಿಯಬೇಕಿತ್ತು ಎನ್ನುತ್ತೀರಿ, ಯಾವ ಬೀದಿಯಲ್ಲಿ?

ಪ್ಯಾರಿಸ್‌ನಲ್ಲಿ ಕುಳಿತು ಅವರು ಆ ಬೀದಿಗಳನ್ನೇ ನೆನಪಿನಿಂದ ಬರೆದರು. ನೆನಪಿನ ಬಿಸಿಲಿಗೆ ಕಣ್ಣೆದುರಿನ ಬಿಸಿಲಿನ ಚುರುಕು ಇರುವುದಿಲ್ಲ. ಅವೇ ಭಂಗಿಗಳು ಮರುಕಳಿಸುವುದನ್ನು ನಾನೂ ಕಂಡಿದ್ದೇನೆ. ಆದರೆ ಅದು ಯುರೋಪು ಕೆಡಿಸಿದ್ದಲ್ಲ, ತಾಯ್ನಾಡು ಕಸಿದುಕೊಂಡದ್ದು. 1966ರಲ್ಲಿ ಡಕಾರ್‌ನ ಕಲೋತ್ಸವಕ್ಕೆಂದು ಸೆನೆಗಲ್‌ಗೆ ಹೋದವರು ಅಲ್ಲಿಯೇ ಸುಮಾರು ಒಂದು ವರ್ಷ ನಿಂತರು. ಕಣ್ಣೆದುರಿಗೆ ಮತ್ತೆ ಸಂತೆ, ನೀಳ ಮೈಕಟ್ಟಿನ ಹೆಂಗಸರು, ಆಫ್ರಿಕಾದ ಬೆಳಕು. ಕೈ ಮತ್ತೆ ಚಿಗುರಿತು. ಜನರ ನಡುವೆ ಇರಬೇಕು ಎಂಬ ನಿಮ್ಮ ಮಾತಿನಲ್ಲಿ ಹುರುಳಿದೆ ಎಂದು ನನಗೆ ಅನಿಸುವುದು ಈ ಚಿತ್ರಗಳನ್ನು ನೋಡಿದಾಗಲೇ.

1989ರಲ್ಲಿ ಜೊಹಾನ್ಸ್‌ಬರ್ಗ್‌ನ ಅದೇ ಗ್ಯಾಲರಿ ಅವರ ಜೀವಮಾನದ ಕೃತಿಗಳ ಪ್ರದರ್ಶನ ನಡೆಸಿತು. 1947ರಲ್ಲಿ ಬಿಟ್ಟ ನಾಡಿಗೆ ಅವರು ಮರಳಲೇ ಇಲ್ಲ. 1993ರ ಮಾರ್ಚ್‌ನಲ್ಲಿ, ಎಲ್ಲರೂ ಮತ ಹಾಕಿದ ಮೊದಲ ಚುನಾವಣೆಗೆ ಒಂದು ವರ್ಷ ಮೊದಲು, ಪ್ಯಾರಿಸ್ ಬಳಿ ತೀರಿಕೊಂಡರು.

ಒಂದು ತಪ್ಪು ನಮ್ಮದೂ ಇದೆ. ಕಳೆದ ಸಂಚಿಕೆಯಲ್ಲಿ ಸೆನೆಗಲ್ ಕಾಲದ ಚಿತ್ರವನ್ನು ಕಪ್ಪುಬಿಳುಪಿನಲ್ಲಿ ಅಚ್ಚು ಹಾಕಿದೆವು. ಅದರ ನೀಲಿಯೆಲ್ಲ ಬೂದಿಯಾಯಿತು. ಮುಂದಿನ ಸಂಚಿಕೆಯಲ್ಲಿ ಅದನ್ನು ಪೂರ್ಣ ಪುಟದಲ್ಲಿ, ಬಣ್ಣದಲ್ಲಿ ಕೊಡುತ್ತೇವೆ. ನೋಡಿದ ಮೇಲೆ ಮತ್ತೆ ಬರೆಯಿರಿ.

– ಸಂಪಾದಕ