ಬಸವನಗುಡಿಯ ನಮ್ಮ ನೃತ್ಯಶಾಲೆಯಲ್ಲಿ ನಾಲ್ಕು ಕ್ಯಾಮೆರಾಗಳಿಂದ ಭರತನಾಟ್ಯವನ್ನು ಮೂರು ಆಯಾಮಗಳಲ್ಲಿ ದಾಖಲಿಸಬೇಕು. ಕ್ಯಾಮೆರಾಗಳ ಸ್ಥಾನಗಳನ್ನು ಟೇಪಿನಿಂದ ಅಳೆದರೆ ಸಾಲದೆ, ಕ್ಯಾಲಿಬ್ರೇಷನ್ (ಕ್ಯಾಮೆರಾಗಳ ಸ್ಥಾನ, ಕೋನ, ಲೆನ್ಸಿನ ಗುಣಗಳನ್ನು ನಿಖರವಾಗಿ ಲೆಕ್ಕ ಹಾಕುವುದು) ಏಕೆ ಬೇಕು?

ಸಾಲದು. ಟೇಪು ಕ್ಯಾಮೆರಾ ಎಲ್ಲಿದೆ ಎಂಬುದನ್ನು ಸುಮಾರಾಗಿ ತಿಳಿಸುತ್ತದೆಯೇ ಹೊರತು, ಅದು ನಿಖರವಾಗಿ ಯಾವ ಕೋನದಲ್ಲಿ ನೋಡುತ್ತಿದೆ, ಅದರ ಲೆನ್ಸು ಚಿತ್ರವನ್ನು ಎಷ್ಟು ಬಾಗಿಸುತ್ತದೆ ಎಂಬುದನ್ನು ತಿಳಿಸುವುದಿಲ್ಲ.

ಒಂದು ಕ್ಯಾಮೆರಾಗೆ ನರ್ತಕಿಯ ಮಣಿಕಟ್ಟು ಯಾವ ದಿಕ್ಕಿನಲ್ಲಿದೆ ಎಂಬುದಷ್ಟೇ ಗೊತ್ತು, ದೂರ ಗೊತ್ತಿಲ್ಲ. ಆದ್ದರಿಂದ ಎರಡು ಅಥವಾ ಹೆಚ್ಚು ಕ್ಯಾಮೆರಾಗಳಿಂದ ಹೊರಟ ಕಾಲ್ಪನಿಕ ರೇಖೆಗಳು ಸಂಧಿಸುವ ಜಾಗವನ್ನೇ ಮಣಿಕಟ್ಟಿನ ಸ್ಥಾನವೆಂದು ಲೆಕ್ಕ ಹಾಕಲಾಗುತ್ತದೆ. ಕ್ಯಾಮೆರಾದ ಕೋನದಲ್ಲಿ ಕೇವಲ 0.1 ಡಿಗ್ರಿ ತಪ್ಪಿದರೂ 5 ಮೀಟರ್ ದೂರದಲ್ಲಿ ಆ ರೇಖೆ ಸುಮಾರು 9 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಹಸ್ತಮುದ್ರೆಗಳನ್ನು ದಾಖಲಿಸುವವರಿಗೆ ಇದು ಸಣ್ಣ ದೋಷವಲ್ಲ.

ಕ್ಯಾಲಿಬ್ರೇಷನ್‌ನಲ್ಲಿ ಚದುರಂಗದ ಮಣೆಯಂಥ ಹಲಗೆಯನ್ನೋ, ಗುರುತುಗಳುಳ್ಳ ಕೋಲನ್ನೋ ನರ್ತನದ ಜಾಗದಲ್ಲೆಲ್ಲ ಆಡಿಸುತ್ತಾರೆ. ತಂತ್ರಾಂಶವು ಕ್ಯಾಮೆರಾಗಳ ಸ್ಥಾನ, ಕೋನ ಮತ್ತು ಲೆನ್ಸಿನ ಮೌಲ್ಯಗಳನ್ನು ಮತ್ತೆಮತ್ತೆ ತಿದ್ದುತ್ತ, ಗುರುತುಗಳು ಕಾಣಬೇಕಾದ ಜಾಗಕ್ಕೂ ನಿಜವಾಗಿ ಕಂಡ ಜಾಗಕ್ಕೂ ಇರುವ ಅಂತರವನ್ನು ಎಲ್ಲ ಚಿತ್ರಗಳಲ್ಲೂ ಒಟ್ಟಾಗಿ ಕನಿಷ್ಠಗೊಳಿಸುತ್ತದೆ. ಕೋಲಿನ ಉದ್ದ ಮೊದಲೇ ತಿಳಿದಿರಬೇಕು. ಇಲ್ಲವಾದರೆ ಆಕಾರ ಸರಿಯಾಗಿ ಬಂದರೂ ಅಳತೆ ಬರುವುದಿಲ್ಲ, ಏಕೆಂದರೆ ದೊಡ್ಡ ಕೋಣೆಯ ದೊಡ್ಡ ನರ್ತಕಿಯೂ ಸಣ್ಣ ಕೋಣೆಯ ಸಣ್ಣ ನರ್ತಕಿಯೂ ಚಿತ್ರಗಳಲ್ಲಿ ಒಂದೇ ರೀತಿ ಕಾಣಬಹುದು.

ಟ್ರೈಪಾಡ್ ತುಸು ಅಲುಗಿದರೂ ಕ್ಯಾಲಿಬ್ರೇಷನ್ ಮತ್ತೆ ಮಾಡಬೇಕು. ಪಾದವನ್ನು ನೆಲಕ್ಕೆ ತಟ್ಟುವ ತಟ್ಟಡವುಗಳಿಗೆ ನೆಲ ಅದುರುವ ಮರದ ವೇದಿಕೆಯಾದರೆ ಕ್ಯಾಮೆರಾಗಳನ್ನು ಗೋಡೆಗೆ ಬಿಗಿಯುವುದು ಲೇಸು. ಕ್ಯಾಮೆರಾಗಳ ಸಮಯವೂ ಹೊಂದಿರಬೇಕು: ಸೆಕೆಂಡಿಗೆ 60 ಫ್ರೇಮುಗಳ ದಾಖಲೆಯಲ್ಲಿ ಒಂದೇ ಫ್ರೇಮ್ ತಪ್ಪಿದರೂ, ಸೆಕೆಂಡಿಗೆ 3 ಮೀಟರ್ ವೇಗದ ಕೈ 5 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ.